ಚಿಕ್ಕಿ ನೋಡಲು ಕತ್ತಲೆ ಬೇಕು

ಕನ್ನಡ ನಾಡಿನ ಹಳೆಯ ದಾನಶಾಸನಗಳ ಕಲ್ಲುಗಳಲ್ಲಿ ಅಕ್ಷರ ಸವೆದುಹೋಗಿದ್ದರೂ ತಲೆಯ ಮೇಲಿನ ಸೂರ್ಯ ಚಂದ್ರರ ಕೆತ್ತನೆ ಎಷ್ಟೋ ಕಡೆ ಉಳಿದಿರುತ್ತದೆ. ಕೊಟ್ಟ ಭೂಮಿ, ಬಿಟ್ಟ ತೆರಿಗೆ ಸೂರ್ಯ ಚಂದ್ರರು ಇರುವವರೆಗೂ ಸಲ್ಲಬೇಕು ಎಂಬುದಕ್ಕೆ ಅದು ಗುರುತು. 'ಆಚಂದ್ರಾರ್ಕ' ಎಂಬ ಮಾತು ಬಂದದ್ದು ಹಾಗೆ. ತುಂಗಭದ್ರೆಯ ದಡದ ಹರಿಹರದಲ್ಲಿ, ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಆವರಣದಲ್ಲೂ ಹಲವು ಶಾಸನಗಳಿವೆ. ಕಾಲವನ್ನು ಆಕಾಶದಿಂದ ಅಳೆದು ಕಲ್ಲಿನಲ್ಲಿ ಬರೆದಿಟ್ಟ ಜನರ ಊರು ಇದು.

ಅದೇ ಊರಿನಲ್ಲಿ ಇಂದು ರಾತ್ರಿ ತಲೆ ಎತ್ತಿ ನೋಡಿದರೆ ಚಂದ್ರ ಕಾಣುತ್ತಾನೆ, ಒಂದೆರಡು ಗ್ರಹಗಳು ಕಾಣುತ್ತವೆ, ಎಣಿಸಿ ಮುಗಿಸಬಹುದಾದಷ್ಟು ಚಿಕ್ಕಿಗಳು ಕಾಣುತ್ತವೆ. ಆಕಾಶಗಂಗೆ ಮಾತ್ರ ಬೀದಿದೀಪದ ಬೆಳಕಿನಲ್ಲಿ ಕರಗಿಹೋಗಿದೆ. ಪಕ್ಕದ ದಾವಣಗೆರೆ ಇನ್ನೂ ದೊಡ್ಡ ಊರು, ಅಲ್ಲಿ ಬೆಳಕೂ ಹೆಚ್ಚು. ಆಕಾಶ ನೋಡಬೇಕೆಂಬ ಆಸೆ ಇರುವವರು ಊರು ಬಿಟ್ಟು ಕತ್ತಲೆಯನ್ನು ಹುಡುಕಿಕೊಂಡು ಹೋಗಬೇಕಾದ ಕಾಲ ಬಂದಿದೆ. ಹತ್ತಾರು ಜನ ಒಟ್ಟಾಗಿ ಬಯಲಿಗೆ ಹೋಗಿ, ಚಾಪೆ ಹಾಸಿ ರಾತ್ರಿಯೆಲ್ಲ ಮೇಲೆ ನೋಡುವ ನಕ್ಷತ್ರ ವೀಕ್ಷಣೆಯ ಕೂಟಗಳು ಹುಟ್ಟಿಕೊಂಡದ್ದು ಈ ಕಾರಣಕ್ಕೆ. ಇದು ಪೇಟೆಯವರ ಹೊಸ ಹವ್ಯಾಸದಂತೆ ತೋರಬಹುದು. ಆದರೆ ಇದರ ಹಿಂದೆ ಈ ನಾಡಿನದೇ ಆದ ಒಂದು ದೀರ್ಘ ಇತಿಹಾಸ ಉಂಟು.

ಕಲ್ಲಿನಲ್ಲಿ ಗ್ರಹಣ

ಹಿಂದಿನ ಕಾಲದಲ್ಲಿ ಆಕಾಶದ ಘಟನೆ ಎಂದರೆ ಊರಿನ ಘಟನೆ. ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳ ಜೊತೆಗೆ ಸೂರ್ಯಗ್ರಹಣ, ಸೋಮಗ್ರಹಣ, ಸಂಕ್ರಮಣ, ವ್ಯತೀಪಾತ ಮುಂತಾದ ಪುಣ್ಯಕಾಲಗಳ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ಅಂಥ ಹೊತ್ತಿನಲ್ಲಿ ಕೊಟ್ಟ ದಾನಕ್ಕೆ ಫಲ ಹೆಚ್ಚು ಎಂಬ ನಂಬಿಕೆ ಇತ್ತು. ದೊರೆ, ದಂಡನಾಯಕ, ಊರ ಗೌಡ ಎಲ್ಲರೂ ನೀರು ಬಿಟ್ಟು ಧಾರೆ ಎರೆದು ದಾನ ಕೊಡುತ್ತಿದ್ದರು. ಪಟ್ಟದಕಲ್ಲಿನಲ್ಲಿ ಬಾದಾಮಿ ಚಾಲುಕ್ಯರ ಕೊನೆಯ ದೊರೆ ಇಮ್ಮಡಿ ಕೀರ್ತಿವರ್ಮನ ಕಾಲದ ಕಂಬದ ಶಾಸನ ಹೇಳುವ ಸೂರ್ಯಗ್ರಹಣ ಕ್ರಿ.ಶ. 754ರ ಜೂನ್ 25ರದು ಎಂದು ವಿದ್ವಾಂಸರು ಲೆಕ್ಕ ಹಾಕಿ ಗುರುತಿಸಿದ್ದಾರೆ.

ಇಂಥ ಉಲ್ಲೇಖಗಳಿಂದ ಇತಿಹಾಸಕ್ಕೆ ಆದ ಉಪಕಾರ ಸಣ್ಣದಲ್ಲ. ತಿಥಿ, ವಾರಗಳನ್ನು ಬರೆಯುವಾಗ ಕಲ್ಲುಕುಟಿಗನ ಕೈ ತಪ್ಪಬಹುದು, ಗ್ರಹಣ ತಪ್ಪುವುದಿಲ್ಲ. ಸಾವಿರ ವರ್ಷದ ಹಿಂದಿನ ಗ್ರಹಣವನ್ನೂ ಇಂದು ಗಣಿತದಿಂದ ನಿಖರವಾಗಿ ಹೇಳಬಹುದು. ರಾಬರ್ಟ್ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತ್ 1896ರಲ್ಲಿ ಪ್ರಕಟಿಸಿದ ಭಾರತೀಯ ಪಂಚಾಂಗದ ಕೋಷ್ಟಕಗಳು ಶಾಸನಗಳ ಕಾಲನಿರ್ಣಯಕ್ಕೆ ದೊಡ್ಡ ಆಧಾರವಾದವು. ಹರಿಹರ, ದಾವಣಗೆರೆ ಭಾಗದ ಶಾಸನಗಳನ್ನು ಬಿ.ಎಲ್. ರೈಸ್ ತಮ್ಮ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯ ಚಿತ್ರದುರ್ಗ ಸಂಪುಟದಲ್ಲಿ ಸೇರಿಸಿದರು. ಆಗ ಈ ಪ್ರದೇಶ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಬೆಂಗಳೂರಿನ ನೆಹರೂ ತಾರಾಲಯದ ನಿರ್ದೇಶಕರಾಗಿದ್ದ ಬಿ.ಎಸ್. ಶೈಲಜಾ ಅವರು ಗೀತಾ ಕೈದಾಳ ಗಣೇಶ ಅವರ ಜೊತೆ ಸೇರಿ ಕಲ್ಲುಗಳ ಮೇಲಿನ ಆಕಾಶದ ಉಲ್ಲೇಖಗಳನ್ನು ಕಲೆಹಾಕಿ ಗ್ರಂಥವನ್ನೇ ರಚಿಸಿದ್ದಾರೆ.

ಇಲ್ಲಿ ಒಂದು ಅಂಶ ಗಮನಾರ್ಹ. ಗ್ರಹಣ ಯಾವಾಗ ಎಂದು ಹೇಳುತ್ತಿದ್ದವರು ಜೋಯಿಸರು. ಅವರಿಗೆ ಆಧಾರ ಗಣಿತ. 1520ರಲ್ಲಿ ರಚನೆಯಾದ ಗಣೇಶ ದೈವಜ್ಞನ 'ಗ್ರಹಲಾಘವ'ದಂಥ ಕರಣಗ್ರಂಥಗಳು ಈ ಲೆಕ್ಕವನ್ನು ಸುಲಭ ಮಾಡಿದವು. ಆಕಾಶವನ್ನು ನೋಡದೆಯೂ ಪಂಚಾಂಗ ಬರೆಯುವುದು ಸಾಧ್ಯವಾಯಿತು. ಲೆಕ್ಕ ಉಳಿಯಿತು, ನೋಡುವ ರೂಢಿ ಸಡಿಲವಾಯಿತು.

ಮಳೆಯ ನಕ್ಷತ್ರಗಳು

ಜೋಯಿಸರಂತೆ ರೈತರಿಗೂ ನಕ್ಷತ್ರಗಳ ನಂಟು ಉಂಟು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಕೇಳುತ್ತದೆ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘ, ಹುಬ್ಬ, ಉತ್ತರೆ, ಹಸ್ತ, ಚಿತ್ತ, ಸ್ವಾತಿ ಎಂದು ಮಳೆಗಳ ಹೆಸರನ್ನು ಓದು ಬಾರದ ಹಿರಿಯರೂ ಸರಾಗವಾಗಿ ಹೇಳುತ್ತಾರೆ. ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ದಾವಣಗೆರೆ ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳ ಬಿತ್ತುವುದೂ ಈ ಲೆಕ್ಕದ ಮೇಲೆಯೇ.

ಆದರೆ ಮೃಗಶಿರ ಮಳೆ ಸುರಿಯುವಾಗ ಮೃಗಶಿರ ನಕ್ಷತ್ರ ಎಲ್ಲಿರುತ್ತದೆ ಎಂದು ಕೇಳಿದರೆ ಉತ್ತರ ವಿಚಿತ್ರವಾಗಿದೆ. ಅದು ಸೂರ್ಯನ ಜೊತೆಗೇ ಇರುತ್ತದೆ! ಸೂರ್ಯ ಯಾವ ನಕ್ಷತ್ರದ ನೇರಕ್ಕೆ ಬರುತ್ತಾನೋ ಆ ಹೆಸರು ಆ ದಿನಗಳಿಗೆ ಸಲ್ಲುತ್ತದೆ. ಹೀಗಾಗಿ ಜೂನ್ ಎರಡನೇ ವಾರದಲ್ಲಿ ಮೃಗಶಿರ ಹಗಲಿನ ಆಕಾಶದಲ್ಲಿ ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ಮೋಡ ಇಲ್ಲದಿದ್ದರೂ ಅದು ಕಾಣುವುದಿಲ್ಲ. ಅದು ಸಂಜೆ ಮೂಡುವುದನ್ನು ನೋಡಬೇಕಾದರೆ ಆರು ತಿಂಗಳು ಕಾಯಬೇಕು. ಹುಣ್ಣಿಮೆಯ ಚಂದ್ರ ಮೃಗಶಿರದ ಬಳಿ ಬರುವ ತಿಂಗಳೇ ಮಾರ್ಗಶಿರ. ಆಗ, ಅಂದರೆ ಡಿಸೆಂಬರ್ ಹೊತ್ತಿಗೆ, ಸಂಜೆ ಸೂರ್ಯ ಮುಳುಗಿದ ಮೇಲೆ ಮೃಗಶಿರ ಪೂರ್ವದಲ್ಲಿ ಮೇಲೇರುತ್ತದೆ.

ಇನ್ನೊಂದು ಸಂಗತಿಯೂ ಇದೆ. ಮಳೆಯ ನಕ್ಷತ್ರಗಳೆಲ್ಲ ಒಂದೇ ಸಮನಾದ ಪ್ರಕಾಶದವಲ್ಲ. ರೋಹಿಣಿ, ಆರಿದ್ರ, ಮಘ, ಚಿತ್ತ, ಸ್ವಾತಿ ಇವು ಪ್ರಖರವಾದವು. ದಾವಣಗೆರೆಯ ಬಸ್ ನಿಲ್ದಾಣದ ದೀಪಗಳ ನಡುವೆ ನಿಂತರೂ ಕೆಂಪು ಬಣ್ಣದ ಆರಿದ್ರವನ್ನು ಗುರುತಿಸಬಹುದು. ಆದರೆ ಅದರ ಪಕ್ಕದ ಮೃಗಶಿರ ಹಾಗಲ್ಲ. ಮಹಾವ್ಯಾಧನ ತಲೆಯ ಭಾಗದಲ್ಲಿ ಒತ್ತಾಗಿ ಕುಳಿತ ಮೂರು ಮಂಕು ಚಿಕ್ಕಿಗಳು ಅವು. ಭರಣಿ, ಪುಷ್ಯ, ಆಶ್ಲೇಷಗಳೂ ಇದೇ ಜಾತಿಯವು. ಕತ್ತಲೆ ಇದ್ದರೆ ಮಾತ್ರ ಇವು ಕಾಣುತ್ತವೆ. ಪೇಟೆಯ ಬೆಳಕು ಹಳ್ಳಿಗೂ ಹಬ್ಬುತ್ತಿದ್ದಂತೆ ಮೊದಲು ಮರೆಯಾದವು ಇಂಥ ನಕ್ಷತ್ರಗಳೇ. ಹೆಸರು ಎಲ್ಲರ ಬಾಯಲ್ಲೂ ಇದೆ, ನಕ್ಷತ್ರ ಕಂಡವರು ಅಪರೂಪ.

ಹೊರಗಿನಿಂದ ಬಂದವರು

ಹತ್ತೊಂಬತ್ತನೆಯ ಶತಮಾನದಲ್ಲಿ ಆಕಾಶ ನೋಡಲೆಂದೇ ಜನ ಕನ್ನಡ ನಾಡಿಗೆ ಬಂದರು. 1868ರ ಆಗಸ್ಟ್ 18ರ ಸಂಪೂರ್ಣ ಸೂರ್ಯಗ್ರಹಣದ ನೆರಳು ವಿಜಾಪುರ ಸೀಮೆಯ ಮೂಲಕ ಹಾದು ಗುಂಟೂರಿನ ಕಡೆ ಸಾಗಿತು. ಪ್ರಸಿದ್ಧ ಖಗೋಳಜ್ಞ ವಿಲಿಯಂ ಹರ್ಷೆಲನ ಮೊಮ್ಮಗ, ಸೈನ್ಯದ ಎಂಜಿನಿಯರ್ ಜಾನ್ ಹರ್ಷೆಲ್ ಈಗಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಉಪಕರಣ ಹೂಡಿದ. ಮಳೆಗಾಲದ ಮೋಡಗಳ ಕಾಟದ ನಡುವೆಯೂ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ರೋಹಿತದರ್ಶಕದಲ್ಲಿ ನೋಡಿ, ಅವು ಬಿಸಿ ಅನಿಲಗಳೆಂದು ಕಂಡುಕೊಂಡವರಲ್ಲಿ ಆತನೂ ಒಬ್ಬ. ಆ ಗ್ರಹಣದಿಂದ ಮೊದಲಾದ ಸಂಶೋಧನೆಯೇ ಹೀಲಿಯಂ ಎಂಬ ಮೂಲವಸ್ತುವಿನ ಪತ್ತೆಗೆ ದಾರಿ ಮಾಡಿತು. ಮೂರು ವರ್ಷಗಳ ನಂತರ, 1871ರ ಡಿಸೆಂಬರ್ 12ರ ಗ್ರಹಣಕ್ಕೆ ನಾರ್ಮನ್ ಲಾಕ್ಯರ್ ಇಂಗ್ಲೆಂಡಿನಿಂದ ಬಂದು ಕಾಸರಗೋಡಿನ ಬೇಕಲ ಕೋಟೆಯಲ್ಲಿ ತಂಡದೊಡನೆ ಬೀಡುಬಿಟ್ಟ.

ಇವೆಲ್ಲ ವಿಜ್ಞಾನಕ್ಕೆ ದೊಡ್ಡ ಗಳಿಕೆಗಳೇ. ಆದರೆ ಅದು ತಜ್ಞರ ಕೆಲಸವಾಗಿತ್ತು, ಊರವರ ಪಾಲಿಗೆ ಉಳಿದದ್ದು ದೂರ ನಿಂತು ನೋಡುವುದಷ್ಟೆ. ಕನ್ನಡದಲ್ಲಿ ವಿಜ್ಞಾನ ಹೇಳುವ ಪ್ರಯತ್ನ ಮೊದಲಾದದ್ದು ಆಮೇಲೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಆರ್.ಎಲ್. ನರಸಿಂಹಯ್ಯನವರ 'ಜಗತ್ತುಗಳ ಹುಟ್ಟು ಸಾವು', ಜಿ.ಟಿ. ನಾರಾಯಣರಾಯರ 'ನಕ್ಷತ್ರ ವೀಕ್ಷಣೆ' ಮುಂತಾದ ಕೃತಿಗಳು ಇಂಗ್ಲಿಷ್ ಬಾರದ ಓದುಗನಿಗೂ ಆಕಾಶದ ಬಾಗಿಲು ತೆರೆದವು.

1980ರ ಮಧ್ಯಾಹ್ನ

1980ರ ಫೆಬ್ರವರಿ 16ರ ಸಂಪೂರ್ಣ ಸೂರ್ಯಗ್ರಹಣ ಕರ್ನಾಟಕದ ಪಾಲಿಗೆ ದೊಡ್ಡ ಅವಕಾಶವಾಗಿತ್ತು. ಚಂದ್ರನ ನೆರಳು ಕರಾವಳಿಯಿಂದ ಹತ್ತಿ ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ಶನಿವಾರ ಮಧ್ಯಾಹ್ನ ಮೂರು ಮುಕ್ಕಾಲರ ಸುಮಾರಿಗೆ ಮೂರು ನಿಮಿಷಕ್ಕೂ ಕಡಿಮೆ ಹೊತ್ತು ಕತ್ತಲೆ ಕವಿಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಹುಬ್ಬಳ್ಳಿ, ರಾಯಚೂರು ಭಾಗಗಳಲ್ಲಿ ಶಿಬಿರ ಹೂಡಿದ್ದರು. ಹರಿಹರ, ದಾವಣಗೆರೆಗಳಲ್ಲಿ ಕಂಡದ್ದು ಪಾರ್ಶ್ವ ಗ್ರಹಣ. ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿದ್ದರೆ ಪೂರ್ಣ ಗ್ರಹಣವೇ ಸಿಗುತ್ತಿತ್ತು.

ಆದರೆ ಆ ದಿನ ದೇಶದ ಎಷ್ಟೋ ಊರುಗಳಲ್ಲಿ ಬೀದಿಗಳು ಖಾಲಿಯಾಗಿದ್ದವು. ಜನ ಬಾಗಿಲು ಹಾಕಿಕೊಂಡು ಒಳಗೆ ಕುಳಿತರು. ಇದಕ್ಕೆ ಹಳೆಯ ಮಡಿ ಮೈಲಿಗೆಯ ಭಾವನೆ ಒಂದೇ ಕಾರಣವಲ್ಲ. ಕಣ್ಣು ಹೋಗುತ್ತದೆ, ಹೊರಗೆ ಬರಬೇಡಿ ಎಂಬ ಎಚ್ಚರಿಕೆಯ ಮಾತುಗಳೂ ಭಯ ಹುಟ್ಟಿಸಿದ್ದವು. ದೂರದರ್ಶನ ಇದ್ದ ನಗರಗಳಲ್ಲಿ ಜನ ಮನೆಯಲ್ಲೇ ಇರಲೆಂದು ಸಿನಿಮಾ ತೋರಿಸಿದ್ದೂ ಉಂಟು. ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದು ಎಂಬುದು ಸರಿಯಾದ ಎಚ್ಚರಿಕೆಯೇ. ಸರಿಯಾದ ಕನ್ನಡಕದಿಂದ, ಇಲ್ಲವೇ ಸೂಜಿರಂಧ್ರದಿಂದ ಗೋಡೆಯ ಮೇಲೆ ಬಿಂಬ ಮೂಡಿಸಿ ನೋಡಬಹುದು ಎಂಬ ಅರ್ಧ ಮಾತು ಮಾತ್ರ ಜನರನ್ನು ತಲುಪಲಿಲ್ಲ. ಒಂದು ಕಾಲಕ್ಕೆ ಗ್ರಹಣದ ಹೊತ್ತಿಗೆ ಊರವರೆದುರು ದಾನ ಕೊಟ್ಟು ಕಲ್ಲಿನಲ್ಲಿ ಕೊರೆಸಿದ ನಾಡು ಆ ಮಧ್ಯಾಹ್ನ ಕಿಟಕಿಯನ್ನೂ ಮುಚ್ಚಿಕೊಂಡಿತ್ತು.

ಈ ಕೊರತೆಯನ್ನು ತುಂಬುವ ಕೆಲಸಕ್ಕೆ ಹಲವರು ಮುಂದೆ ಬಂದರು. ಬೆಂಗಳೂರಿನಲ್ಲಿ ಹವ್ಯಾಸಿ ಖಗೋಳಜ್ಞರ ಸಂಘ 1976ರಲ್ಲೇ ಹುಟ್ಟಿತ್ತು. 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಶಾಲಾ ಶಿಕ್ಷಕರ ಮೂಲಕ, 'ಬಾಲವಿಜ್ಞಾನ' ಪತ್ರಿಕೆಯ ಮೂಲಕ ಹಳ್ಳಿಗಳನ್ನು ಮುಟ್ಟಿತು. 1986ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಉತ್ತರದ ದೇಶಗಳಿಗಿಂತ ದಕ್ಷಿಣ ಭಾರತಕ್ಕೆ ಅದು ಹೆಚ್ಚು ಅನುಕೂಲವಾಗಿ ಕಂಡಿತು. ಪೇಟೆಯ ಬೆಳಕಿನಿಂದ ನೋಡಿದವರಿಗೆ ಅದು ಹತ್ತಿಯ ಉಂಡೆಯಂತೆ ಮಸುಕಾಗಿತ್ತು. ಧೂಮಕೇತುವಿನ ಬಾಲ ನೋಡಬೇಕಾದರೆ ಊರಾಚೆ ಹೋಗಬೇಕು ಎಂಬ ಪಾಠವನ್ನು ಅದು ಕಲಿಸಿತು.

2019ರ ಡಿಸೆಂಬರ್ 26ರ ಕಂಕಣ ಗ್ರಹಣದ ವೇಳೆಗೆ ಪರಿಸ್ಥಿತಿ ಬಹಳ ಬದಲಾಗಿತ್ತು. ಅದರ ಹಾದಿ ಮಂಗಳೂರು, ಕಾಸರಗೋಡು, ದಕ್ಷಿಣ ಕೊಡಗಿನ ಮೇಲೆ ಹಾದಿತ್ತು. ಶಾಲಾ ಮೈದಾನಗಳಲ್ಲಿ ಮಕ್ಕಳು ಗ್ರಹಣದ ಕನ್ನಡಕ ಹಿಡಿದು ಸಾಲುಗಟ್ಟಿ ನಿಂತರು.

ಕೂಟದ ಹುಟ್ಟು

ಗ್ರಹಣ, ಧೂಮಕೇತುಗಳು ಯಾವಾಗಲೋ ಬರುವ ಅತಿಥಿಗಳು. ನಕ್ಷತ್ರಗಳಾದರೋ ಪ್ರತಿ ರಾತ್ರಿಯ ನೆಂಟರು. ಅವುಗಳಿಗಾಗಿಯೇ ಜನ ಒಂದೆಡೆ ಸೇರುವ ಪದ್ಧತಿಗೆ ಅಮೆರಿಕದ ವರ್ಮಾಂಟ್ ರಾಜ್ಯದ ಸ್ಟೆಲ್ಲಫೇನ್ ಗುಡ್ಡ ಪ್ರಸಿದ್ಧ. ರಸೆಲ್ ಪೋರ್ಟರ್ ಎಂಬಾತನಿಂದ ಕನ್ನಡಿ ತಿಕ್ಕಿ ದೂರದರ್ಶಕ ಮಾಡಿಕೊಳ್ಳಲು ಕಲಿತ ಊರವರು ಅಲ್ಲಿ 1926ರಲ್ಲಿ ಮೊದಲ ಸಮಾವೇಶ ನಡೆಸಿದರು. ಅಂಥ ಕೂಟಗಳು ಕ್ರಮೇಣ ಜಗತ್ತಿನ ಎಲ್ಲೆಡೆ ಹಬ್ಬಿದವು.

ಆದರೆ ವರ್ಮಾಂಟಿನವರಿಗೆ ಇಲ್ಲದ ಒಂದು ಭಾಗ್ಯ ಹರಿಹರದವರಿಗಿದೆ. ಹರಿಹರ ಇರುವುದು ಸುಮಾರು ಹದಿನಾಲ್ಕೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಧ್ರುವ ನಕ್ಷತ್ರ ಇಲ್ಲಿ ಉತ್ತರ ದಿಗಂತದಿಂದ ಅಷ್ಟೇ ಎತ್ತರದಲ್ಲಿ, ಅಂದರೆ ಚಾಚಿದ ಕೈಯ ಮುಷ್ಟಿಯ ಅಳತೆಯಲ್ಲಿ ಒಂದೂವರೆ ಮುಷ್ಟಿ ಮೇಲೆ ಕಾಣುತ್ತದೆ. ಮೇ ತಿಂಗಳ ನಡುವೆ ರಾತ್ರಿ ಒಂಬತ್ತೂವರೆಯ ಸುಮಾರಿಗೆ ಬೆನ್ನು ತಿರುಗಿಸಿ ದಕ್ಷಿಣಕ್ಕೆ ನೋಡಿದರೆ ತ್ರಿಶಂಕುವಿನ ಬುಡದ ನಕ್ಷತ್ರ ಹೆಚ್ಚು ಕಡಿಮೆ ಅಷ್ಟೇ ಎತ್ತರದಲ್ಲಿರುತ್ತದೆ. ಉತ್ತರದ ಧ್ರುವ, ದಕ್ಷಿಣದ ತ್ರಿಶಂಕು ಎರಡೂ ಒಂದೇ ಬಯಲಿನಿಂದ ದೊರೆಯುವುದು ನಮ್ಮಂಥ ಸೀಮೆಯಲ್ಲಿ ಮಾತ್ರ. ಫೆಬ್ರವರಿ ಮೊದಲ ವಾರ ಅದೇ ಹೊತ್ತಿಗೆ ಅಗಸ್ತ್ಯ ನಕ್ಷತ್ರ ದಕ್ಷಿಣದಲ್ಲಿ ಎರಡು ಮುಷ್ಟಿಗೂ ಮೇಲೆ ಹೊಳೆಯುತ್ತದೆ. ವರ್ಮಾಂಟಿನಲ್ಲಿ, ಲಂಡನ್ನಿನಲ್ಲಿ ಅದು ಎಂದೂ ಮೂಡುವುದಿಲ್ಲ.

ಎಲ್ಲಿ, ಯಾವಾಗ?

ಇಷ್ಟು ಕೆಳಗಿರುವ ನಕ್ಷತ್ರಗಳನ್ನು ನೋಡಲು ಎರಡೂ ದಿಕ್ಕಿನ ದಿಗಂತ ಬಯಲಾಗಿರಬೇಕು. ಊರಿನ ಬೆಳಕಿನ ಹೊಗೆಯಂಥ ಮಬ್ಬು ದಿಗಂತದಲ್ಲೇ ದಟ್ಟವಾಗಿರುವುದರಿಂದ ಊರು ದೂರವಿರಬೇಕು. ದಾವಣಗೆರೆಗೂ ಹರಿಹರಕ್ಕೂ ಸಮೀಪದ ಕೊಂಡಜ್ಜಿಯ ಕೆರೆ, ಗುಡ್ಡ ಮಕ್ಕಳ ಮೊದಲ ಪಾಠಕ್ಕೆ ಒದಗುತ್ತದೆ, ಆದರೆ ಎರಡೂ ಊರುಗಳ ಬೆಳಕು ಅಲ್ಲಿಗೆ ತಟ್ಟುತ್ತದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರದಂಥ ವಿಶಾಲ ನೀರಿನ ಆಸುಪಾಸು, ಜಗಳೂರು ಕಡೆಯ ಒಣಭೂಮಿಯ ಬಯಲುಗಳು ಇನ್ನೂ ಮೇಲು. ಜಗಳೂರಿನ ರಂಗಯ್ಯನದುರ್ಗದ ಕಾಡು ಕೊಂಡುಕುರಿಗಳ ವನ್ಯಧಾಮ. ಅಲ್ಲಿ ರಾತ್ರಿ ಹೊಗುವಂತಿಲ್ಲ. ಕಾಡಿನ ಹೊರಗಿನ ಕಟಾವಾದ ಹೊಲವನ್ನು ರೈತರ ಒಪ್ಪಿಗೆ ಪಡೆದು ಬಳಸುವುದೇ ಸರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ಕಾಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಆಕಾಶ ತಿಳಿ. ಅಮಾವಾಸ್ಯೆಯ ಹತ್ತಿರದ ಶನಿವಾರ ಒಳ್ಳೆಯದು. ಅಮಾವಾಸ್ಯೆಯ ರಾತ್ರಿ ಹೊರಗೆ ಹೋಗುವುದಕ್ಕೆ ಅಳುಕುವ ಮನೆಗಳು ಇನ್ನೂ ಇವೆ, ಹಾಗಾಗಿ ಸಂಘಟಕರು ತಂದೆ ತಾಯಿಯರನ್ನೂ ಕರೆಯುವುದು ಜಾಣತನ. ದುಬಾರಿ ದೂರದರ್ಶಕ ಬೇಕೆಂದಿಲ್ಲ. ಒಂದು ಸಾಧಾರಣ ಬೈನಾಕ್ಯುಲರ್ ಕೃತ್ತಿಕೆಯ ಗೊಂಚಲನ್ನು, ಗುರುವಿನ ಚಂದ್ರರನ್ನು ತೋರಿಸುತ್ತದೆ. ಟಾರ್ಚಿಗೆ ಕೆಂಪು ಬಣ್ಣದ ಕಾಗದ ಸುತ್ತಬೇಕು. ಕಣ್ಣು ಕತ್ತಲೆಗೆ ಹೊಂದಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಒಂದು ಮೊಬೈಲ್ ಪರದೆ ಅಥವಾ ಒಂದು ಬೈಕಿನ ದೀಪ ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಹಾವು ಹುಳದ ಎಚ್ಚರ, ಇಬ್ಬನಿಗೆ ಕಂಬಳಿ, ಹೆಣ್ಣುಮಕ್ಕಳಿಗೆ ಶೌಚಾಲಯದ ವ್ಯವಸ್ಥೆ ಇವೂ ನಕ್ಷತ್ರದ ನಕ್ಷೆಯಷ್ಟೇ ಮುಖ್ಯ.

ಇಂಥ ಕೂಟಗಳಲ್ಲಿ ಕಲಿಸುವವರು ಪೇಟೆಯವರು, ಕಲಿಯುವವರು ಹಳ್ಳಿಯವರು ಎಂದು ಭಾವಿಸುವಂತಿಲ್ಲ. ಪಂಪ್‌ಸೆಟ್ಟಿಗೆ ಕರೆಂಟು ಬರುವುದು ಎಷ್ಟೋ ಸಲ ನಡುರಾತ್ರಿಯ ಮೇಲೆ. ಆ ಹೊತ್ತಿನಲ್ಲಿ ಹೊಲಕ್ಕೆ ನೀರು ಹಾಯಿಸಲು ಹೋಗುವ ರೈತನೇ ಇಂದು ನಿಜವಾದ ಇರುಳನ್ನು ಬಲ್ಲವನು. ಬೆಳ್ಳಿ ಚಿಕ್ಕಿ ಯಾವಾಗ ಮೂಡುತ್ತದೆ, ಏಳು ಋಷಿಗಳು ಯಾವ ಕಡೆ ತಿರುಗಿದ್ದಾರೆ ಎಂಬುದು ಅವನಿಗೆ ನೋಡಿ ಗೊತ್ತು. ಅವನ ಹೆಸರುಗಳೂ ಪುಸ್ತಕದ ಹೆಸರುಗಳೂ ಒಂದೇ ಚಾಪೆಯ ಮೇಲೆ ಸೇರಿದರೆ ಎರಡಕ್ಕೂ ಲಾಭ.

ಕತ್ತಲೆಯೂ ಕೆರೆಯಂತೆ

ಇದಕ್ಕೆ ಈಗಾಗಲೇ ಮಾದರಿಯೊಂದು ಇದೆ. ಲಡಾಖಿನ ಹಾನ್ಲೆಯ ಎರಡು ಮೀಟರ್ ವ್ಯಾಸದ ದೂರದರ್ಶಕವನ್ನು ಬೆಂಗಳೂರು ಬಳಿಯ ಹೊಸಕೋಟೆಯಿಂದಲೇ ನಡೆಸಲಾಗುತ್ತದೆ. ಆ ಪ್ರದೇಶವನ್ನು 2022ರ ಡಿಸೆಂಬರ್‌ನಲ್ಲಿ ಕತ್ತಲೆಯ ಆಕಾಶದ ರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಖಭೌತ ಸಂಸ್ಥೆಯವರು ಅಲ್ಲಿನ ಹಳ್ಳಿಗಳ ಯುವಕ ಯುವತಿಯರಿಗೇ ದೂರದರ್ಶಕ ಕೊಟ್ಟು ತರಬೇತಿ ನೀಡಿದರು. ಮನೆಗಳ ದೀಪಕ್ಕೆ ಮರೆ ಕಟ್ಟುವುದು ಅಲ್ಲಿ ಜನರ ಹೊಟ್ಟೆಪಾಡಿಗೂ ಸಂಬಂಧಿಸಿದ ವಿಷಯವಾಯಿತು.

ಉಳಿದೆಡೆ ಕತ್ತಲೆ ಕರಗುವ ವೇಗ ಭಯ ಹುಟ್ಟಿಸುವಂಥದು. 2011ರಿಂದ 2022ರವರೆಗೆ ಜಗತ್ತಿನ ನಾನಾ ಕಡೆಯಿಂದ ಸಾಮಾನ್ಯ ಜನರು ಕಳಿಸಿದ ಐವತ್ತು ಸಾವಿರಕ್ಕೂ ಹೆಚ್ಚು ವೀಕ್ಷಣೆಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ರಾತ್ರಿಯ ಆಕಾಶದ ಬೆಳಕು ವರ್ಷಕ್ಕೆ ಸರಾಸರಿ ಶೇ. 9.6ರಷ್ಟು ಏರುತ್ತಿದೆ. ಇಂದು 250 ನಕ್ಷತ್ರ ಕಾಣುವ ಕಡೆ ಹುಟ್ಟಿದ ಮಗು ಹದಿನೆಂಟು ವರ್ಷ ತುಂಬುವ ವೇಳೆಗೆ ನೋಡುವುದು ಸುಮಾರು 100 ನಕ್ಷತ್ರಗಳನ್ನು ಮಾತ್ರ. ಬೀದಿಗೆ ಬೆಳಕು ಬೇಡ ಎಂದು ಯಾರೂ ಹೇಳಲಾರರು. ದೀಪಕ್ಕೆ ಮೇಲೊಂದು ಮುಚ್ಚಳ ಹಾಕಿ ಬೆಳಕನ್ನು ನೆಲಕ್ಕೆ ಬೀಳಿಸಿದರೆ ದಾರಿಯೂ ಕಾಣುತ್ತದೆ, ಕರೆಂಟೂ ಉಳಿಯುತ್ತದೆ, ಆಕಾಶವೂ ಉಳಿಯುತ್ತದೆ. ಹಿಂದಿನವರು ಕೆರೆಯನ್ನು ಊರಿನ ಆಸ್ತಿಯೆಂದು ಕಾಪಾಡಿದರು. ಇರುಳಿನ ಕತ್ತಲೆಯೂ ಅಂಥದೇ ಒಂದು ಆಸ್ತಿ ಎಂಬ ಅರಿವು ಈಗ ಮೂಡಬೇಕಾಗಿದೆ.

ಆ ಅಧ್ಯಯನಕ್ಕೆ ಆಧಾರವಾದ ವೀಕ್ಷಣೆಗಳನ್ನು ಯಾರು ಬೇಕಾದರೂ ಮಾಡಬಹುದು. ಗೊತ್ತುಪಡಿಸಿದ ನಕ್ಷತ್ರಪುಂಜವನ್ನು ನೋಡಿ, ಎಷ್ಟು ಮಂಕಾದ ನಕ್ಷತ್ರದವರೆಗೆ ಕಾಣುತ್ತದೆ ಎಂದು ನಕ್ಷೆಯ ಜೊತೆ ಹೋಲಿಸಿ ಬರೆದು ಕಳಿಸಿದರೆ ಸಾಕು. ಚಳಿಗಾಲಕ್ಕೆ ಆರಿಸಿಕೊಂಡ ಪುಂಜ ಮಹಾವ್ಯಾಧ. ನಮ್ಮ ಮೃಗಶಿರ, ಆರಿದ್ರಗಳು ಇರುವುದು ಅದರಲ್ಲೇ. ಜೂನ್ ತಿಂಗಳಲ್ಲಿ ಬಿತ್ತನೆಗೆ ಹೆಸರು ಕೊಡುವ ಮೃಗಶಿರ, ಡಿಸೆಂಬರ್ ಜನವರಿಯಲ್ಲಿ ಊರಿನ ಕತ್ತಲೆಯನ್ನು ಅಳೆಯುವ ಸೇರು ಆಗಬಲ್ಲದು. ಹರಿಹರದ ಶಾಲೆಯ ಮಕ್ಕಳು ಪ್ರತಿ ವರ್ಷ ಮಾರ್ಗಶಿರ ಮಾಸದ ಒಂದು ಅಮಾವಾಸ್ಯೆಯ ಇರುಳು ಊರಾಚೆಯ ಹೊಲದಲ್ಲಿ ಕುಳಿತು, ಆ ಮೂರು ಮಂಕು ಚಿಕ್ಕಿಗಳು ಕಂಡವೇ ಇಲ್ಲವೇ ಎಂದು ಒಂದು ಪುಸ್ತಕದಲ್ಲಿ ಬರೆದಿಡುತ್ತ ಹೋದರೆ, ಅದೂ ಮುಂದಿನವರ ಪಾಲಿಗೆ ಒಂದು ಶಾಸನವೇ.